ಗುಬ್ಬಿಯ ಕಾಯಿಕೋಣೆಯಲ್ಲಿ ಮೈಕ್ ಇಟ್ಟವರು

ಸಿಂಚನ, ಗಗನ್,

ಹೋದ ತಿಂಗಳು ಕುಣಿಗಲ್ಲಿನಲ್ಲಿ ನಿಮ್ಮ ಚಿಕ್ಕತ್ತೆಯ ಮಗುವಿನ ನಾಮಕರಣದ ದಿನ ಊಟ ಮುಗಿಸಿ ಛತ್ರದ ಗೋಡೆಗೆ ಒರಗಿ ಕೂತಿದ್ದೆ. ನೀವಿಬ್ಬರೂ ಓಡಿ ಬಂದು ನನ್ನ ಮುಖದ ಮುಂದೆ ಫೋನು ಹಿಡಿದಿರಿ.

“ಅಜ್ಜೀ, ಇಲ್ನೋಡು, ಈ ಅಂಕಲ್ ನಿನ್ನಂಗೇ ಹೂವಿನ ದಾರ ಇಟ್ಕೊಂಡವ್ರೆ!” ಅಂದ ಗಗನ್.

ನೋಡಿದೆ. ಕಪ್ಪು ಅಂಗಿ, ನೆರೆತ ಗಡ್ಡ. ಗಿಟಾರಿನ ಸದ್ದು ಹೊರಡುವ ದೊಡ್ಡ ಪೆಟ್ಟಿಗೆಯ ಮುಂದೆ ನಿಂತು, ಒಂದು ಬಿಳಿ ದಾರವನ್ನು ಬೆರಳಿಗೆ ಸುತ್ತಿಕೊಂಡು ಹೇಳುತ್ತಿದ್ದ: “ಇದು ನನ್ನದೇ ಮೆಥಡ್. ಒಂದ್ಸಲ ಯಾವುದೋ ಹಳ್ಳಿಗೆ ಹೋಗಿದ್ದೆ. ಒಬ್ಬ ಅಜ್ಜಿ ಹೂ ಕಟ್ತಾ ಕೂತಿದ್ರು. ಅವರ ಕೈ ನೋಡ್ತಾ ನೋಡ್ತಾ ನನಗೆ ಐಡಿಯಾ ಹೊಳೀತು.”

ನೀವಿಬ್ಬರೂ ನಕ್ಕಿರಿ. ಛತ್ರದ ತುಂಬ ನೆಂಟರಿದ್ದರು. ನಾಲ್ಕು ಜನ ಇದ್ದ ಕಡೆ ಬಾಯಿ ತೆರೆದರೆ ನನ್ನ ನಾಲಿಗೆ ಒಣಗುತ್ತದೆ, ನಿಮಗೆ ಗೊತ್ತೇ ಇದೆ. “ಹೂಂ ಕಣೋ, ಚೆನ್ನಾಗದೆ” ಎಂದು ಫೋನು ವಾಪಸು ಕೊಟ್ಟೆ. ಬಸ್ಸಿನಲ್ಲಿ ಗುಬ್ಬಿಗೆ ಬರುವವರೆಗೂ ಆ ಮಾತನ್ನೇ ಮೆಲುಕು ಹಾಕುತ್ತ ಕೂತಿದ್ದೆ. ಮಾರನೆಯ ದಿನ ಅಂಗಡಿಗೆ ಹೋಗಿ ಈ ನೋಟ್‌ಬುಕ್ ತಂದೆ. ನಾನು ಕಡಬದ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಬಾಯಲ್ಲಿ ಬಾರದ್ದು ಬರೆಯುವಾಗ ಬರುತ್ತದೆ.

ಆ ಅಜ್ಜಿ ನಾನು. ಆ ಹಳ್ಳಿ ಹಳ್ಳಿಯಲ್ಲ, ಗುಬ್ಬಿ. ನೀವು ದಿನಾ ಮಲಗಿ ಏಳುವ ಇದೇ ಮನೆ. ಮತ್ತು ನಾನು ಹೂ ಕಟ್ಟುತ್ತಿರಲಿಲ್ಲ. ನಿಮ್ಮ ಅಮ್ಮನ ಜೊತೆ ಮೈಕ್ ಇಡುತ್ತಿದ್ದೆ.

ದೊಡ್ಡವರನ್ನು ಏಕವಚನದಲ್ಲಿ ಕರೆಯಬೇಡಿ ಎಂದು ನಿಮಗೆ ಕಲಿಸಿದವಳು ನಾನೇ. ಈ ಒಬ್ಬನ ವಿಷಯಕ್ಕೆ ಮಾತ್ರ ಆತ ಎಂದೇ ಬರೆಯುತ್ತೇನೆ. ಅವರು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ.

ಸಿಂಚನ, ಆ ವರ್ಷ ನೀನು ಅಂಗನವಾಡಿಗೆ ಹೋಗುತ್ತಿದ್ದೆ. ಗಗನ್ ಇನ್ನೂ ಅಂಬೆಗಾಲಿಡುತ್ತಿದ್ದ. ನಿಮ್ಮ ಅಪ್ಪ ನಾಗರಾಜ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಆಗಲೂ ಪಾಳಿಯ ಕೆಲಸದಲ್ಲಿದ್ದ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ತಾತ ತೆಂಗಿನಕಾಯಿ ಕೂಡಿಟ್ಟು ಕೊಬ್ಬರಿ ಮಾಡುತ್ತಿದ್ದ ಹಿಂದಿನ ಕೋಣೆಯಲ್ಲಿ ಅರ್ಧ ಕೋಣೆ ಕಾಯಿ, ಅರ್ಧ ಖಾಲಿ.

ನಿಮ್ಮ ಅಮ್ಮ ಸವಿತಾ ಈಗ ಶಾಲೆಯ ಆಫೀಸಿನಲ್ಲಿ ಕೂತು ಟಿ.ಸಿ. ಬರೆಯುವುದನ್ನಷ್ಟೇ ನೀವು ನೋಡಿದ್ದೀರಿ. ಅವಳು ತುಮಕೂರಿನವಳು. ಮದುವೆಗೆ ಮೊದಲು ಧ್ವನಿಮುದ್ರಣದ ಕೋರ್ಸು ಮಾಡಿ, ಒಂದು ಆರ್ಕೆಸ್ಟ್ರಾದಲ್ಲಿ ಮಿಕ್ಸರ್ ಮುಂದೆ ಕೂರುತ್ತಿದ್ದಳು. ನೀವು ಹುಟ್ಟಿದ ಮೇಲೆ ಆರ್ಕೆಸ್ಟ್ರಾದವರು ಕರೆಯುವುದನ್ನು ಬಿಟ್ಟರು. ಬಾಣಂತಿ ಏನು ವೈರು ಎಳೆಯುತ್ತಾಳೆ ಎಂದರಂತೆ. ಅವಳು ಅಳಲಿಲ್ಲ. ಒಂದು ಕಂಪ್ಯೂಟರು, ಎರಡು ಮೈಕು ತಂದು ಕಾಯಿಕೋಣೆಯನ್ನು ಗುಡಿಸಿದಳು.

“ಅತ್ತೆ, ಈ ಕಾಯಿ ರಾಶಿ ಇಲ್ಲೇ ಇರ್ಲಿ. ಗೋಡೆಗೆ ಬಡ್ದು ವಾಪಸ್ ಬರೋ ಸದ್ದನ್ನ ಇದು ನುಂಗ್ತದೆ. ಇಂಥ ರೂಮು ಬೆಂಗ್ಳೂರಲ್ಲೂ ಇಲ್ಲ” ಎಂದಳು. ನನಗೆ ಅವಳು ತಮಾಷೆ ಮಾಡುತ್ತಿದ್ದಾಳೆ ಅನ್ನಿಸಿತು. ಚಪ್ಪಾಳೆ ತಟ್ಟಿ ತೋರಿಸಿದಳು. ನಡುಮನೆಯಲ್ಲಿ ತಟ್ಟಿದರೆ ಸದ್ದು ಗೋಡೆಯಿಂದ ತಿರುಗಿ ಬರುತ್ತಿತ್ತು. ಕಾಯಿಕೋಣೆಯಲ್ಲಿ ತಟ್ಟಿದರೆ ಅಲ್ಲೇ ಮುಗಿಯುತ್ತಿತ್ತು.

ಅಲ್ಲಿಗೆ ಬಂದವನು ಇಮ್ರಾನ್. ತುಮಕೂರಿನಲ್ಲಿ ಅವನ ಅಪ್ಪನದು ಸೋಫಾ, ಬೈಕ್ ಸೀಟಿಗೆ ಕುಶನ್ ಹೊಲಿಯುವ ಅಂಗಡಿ. ಇಮ್ರಾನ್ ನಿಮ್ಮ ಅಪ್ಪನ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ. ಬಿಡುವಿನಲ್ಲಿ ಗಿಟಾರ್ ಬಾರಿಸುತ್ತಿದ್ದ. ನಾಲ್ಕು ಜನ ಸೇರಿ ಒಂದು ಬ್ಯಾಂಡು ಕಟ್ಟಿಕೊಂಡು ಐದು ಹಾಡು ಮಾಡಿದ್ದರು. ಮಿಕ್ಕ ಮೂವರ ಕಥೆ ಇಲ್ಲಿ ಬೇಡ. ಅವರ ಕೆಲಸ ಬೇಗ ಮುಗಿಯಿತು. ಕಷ್ಟ ಕೊಟ್ಟಿದ್ದು ಗಿಟಾರು.

ಕರೆಂಟಿನ ಗಿಟಾರ್ ಇದೆಯಲ್ಲ, ಅದನ್ನು ಸುಮ್ಮನೆ ಮೀಟಿದರೆ ಸೊಳ್ಳೆಯಷ್ಟು ಸದ್ದು. ವೈರು ಸಿಕ್ಕಿಸಿದರೆ ಅದರ ದನಿ ಪೆಟ್ಟಿಗೆಯಿಂದ ಬರುತ್ತದೆ. ಆಂಪ್ ಎನ್ನುತ್ತಾರೆ. ಮುಂದೆ ಬಟ್ಟೆ ಹೊದಿಸಿರುತ್ತಾರೆ, ಬಟ್ಟೆಯ ಹಿಂದೆ ಸ್ಪೀಕರು. ಆ ಬಟ್ಟೆಯ ಮುಂದೆ ಮೈಕ್ ಎಲ್ಲಿಟ್ಟರೆ ಹೇಗೆ ಕೇಳುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಒಂದು ಬೆಳಿಗ್ಗೆ ಸವಿತಾ ಸೊಪ್ಪು ಬಿಡಿಸುತ್ತಿದ್ದ ನನ್ನ ಹತ್ತಿರ ಬಂದಳು.

“ಅತ್ತೆ, ಸ್ವಲ್ಪ ಬಂದು ಮೈಕ್ ಹಿಡ್ಕೊತೀರಾ? ನಾನು ನಡುಮನೇಲಿ ಹೆಡ್‌ಫೋನ್ ಹಾಕ್ಕೊಂಡು ಕೇಳ್ಬೇಕು. ನಾನೇ ಇಟ್ಟು, ನಾನೇ ಓಡ್ಹೋಗಿ ಕೇಳೋಷ್ಟ್ರಲ್ಲಿ ಮೊದ್ಲು ಹೆಂಗಿತ್ತು ಅನ್ನೋದೇ ಮರ್ತೋಯ್ತದೆ.”

“ನಂಗೇನು ಗೊತ್ತಾಯ್ತದಮ್ಮ ಅದು?”

“ಗೊತ್ತಾಗೋದು ಬ್ಯಾಡ. ಕೈ ಅಲುಗಾಡ್ಬಾರ್ದು ಅಷ್ಟೇ.”

ಕಿವಿಗೆ ಹತ್ತಿ ಇಟ್ಟುಕೊಂಡು ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಭಜನೆ ಮಾಡುವವರು ಬಾಯಿಗೆ ಮೈಕ್ ಹಿಡಿಯುವುದನ್ನು ನೋಡಿದ್ದೆನಲ್ಲ, ಹಾಗೇ ಸ್ಪೀಕರಿನ ನಟ್ಟನಡುವೆ ನೆಟ್ಟಗೆ ಹಿಡಿದೆ. ಇಮ್ರಾನ್ ಒಂದು ಸಲ ಮೀಟಿದ.

ಎರಡು ಕೋಣೆಯ ನಡುವಿನ ಕಿಟಕಿಯಲ್ಲಿ ಸವಿತಾ ಎರಡೂ ಕೈಯಲ್ಲಿ ಕಿವಿ ಹಿಡಿದುಕೊಂಡಳು. “ಅಯ್ಯೋ ಅತ್ತೆ! ಸೂಜಿ ಚುಚ್ದಂಗಾಯ್ತು!”

ಇಮ್ರಾನ್ ನಕ್ಕ. “ಅಮ್ಮಾ, ಅದು ನನ್ನ ಗಿಟಾರು, ಟೈಲ್ಸ್ ಕುಯ್ಯೋ ಮಷೀನ್ ಮಾಡ್ಬುಟ್ರಲ್ಲ!”

ಆ ದಿನ ಸವಿತಾ ಬಟ್ಟೆಯ ಮೇಲೆ ಟಾರ್ಚ್ ಬಿಟ್ಟು ಒಳಗಿನದನ್ನು ತೋರಿಸಿದಳು. ಕಾಗದದ ದೊಡ್ಡ ಬೋಗುಣಿ, ನಡುವೆ ಬಟ್ಟಲು ಕವುಚಿದ ಹಾಗೆ ಒಂದು ಗುಬುಟು. ಗುಬುಟಿನ ಎದುರು ಮೈಕ್ ಇಟ್ಟರೆ ಸದ್ದು ಹರಿತ. ಅಂಚಿನ ಕಡೆ ಸರಿಸಿದರೆ ಮಂಕು. ಗುಬುಟು ಮುಗಿದು ಕಾಗದ ಶುರುವಾಗುವ ಗೆರೆಯ ಹತ್ತಿರ ಎಲ್ಲೋ ಒಂದು ಕಡೆ ಅದು ಮನುಷ್ಯರ ದನಿಯ ಹಾಗೆ ತುಂಬಿಕೊಳ್ಳುತ್ತದೆ. ಬಟ್ಟೆಗೆ ತೀರ ಹತ್ತಿರವಾದರೆ ಕೊಡದಲ್ಲಿ ಮಾತಾಡಿದಂತೆ ಗುಂ ಎನ್ನುತ್ತದೆ. ದೂರವಾದರೆ ದನಿ ತೆಳುವಾಗಿ ಕೋಣೆಯ ಸದ್ದು ಸೇರುತ್ತದೆ. ಮೈಕನ್ನು ಸ್ವಲ್ಪ ಓರೆ ಮಾಡಿದರೆ ಅದೇ ಜಾಗದಲ್ಲೇ ಹರಿತ ಕಡಿಮೆಯಾಗುತ್ತದೆ. ಇಷ್ಟೇ ವಿದ್ಯೆ. ಆದರೆ ರಾಗಿ ಕಾಳಿನಷ್ಟು ಸರಿಸಿದರೂ ಬೇರೆಯಾಗುತ್ತದೆ.

ಎರಡು ಮೈಕಿಗೆ ನಾನು ಹೆಸರಿಟ್ಟಿದ್ದೆ. ಒಂದು ದಪ್ಪತಲೆ. ಅದರ ಜಾಲರಿ ಗಣೇಶನ ಕಾರ್ಯಕ್ರಮವೊಂದರಲ್ಲಿ ಬಿದ್ದು ನೆಗ್ಗಿತ್ತು. ಎದುರಿಗಿದ್ದದ್ದನ್ನು ಬಿಟ್ಟು ಬೇರೇನೂ ಅದಕ್ಕೆ ಕೇಳದು. ಇನ್ನೊಂದು ತೆಳ್ಳಗೆ, ಪೆನ್ನಿನ ಹಾಗೆ; ಅದು ಚಾಡಿಕೋರ. ರೈಲು ಸ್ಟೇಷನ್ನಿಗೆ ಬಂದದ್ದು, ಪಕ್ಕದ ಮನೆಯವರು ಒಗ್ಗರಣೆ ಹಾಕಿದ್ದು, ಗಗನ್ ಅತ್ತದ್ದು ಎಲ್ಲವನ್ನೂ ಹೋಗಿ ಕಂಪ್ಯೂಟರಿಗೆ ಹೇಳುತ್ತಿತ್ತು. ಕಾಯಿಕೋಣೆಗೆ ಶೀಟಿನ ಮಾಡು. ಆ ವರ್ಷ ಪುಷ್ಯ, ಆಶ್ಲೇಷ ಎರಡೂ ಮಳೆ ಬಿಡದೆ ಹಿಡಿದವು. ಶೀಟಿನ ಮೇಲೆ ಒಂದು ಹನಿ ಬಿದ್ದರೂ ಚಾಡಿಕೋರನನ್ನು ಎತ್ತಿ ಇಡಬೇಕಿತ್ತು. ಅದಕ್ಕೇ ಸವಿತಾ ದಪ್ಪತಲೆಯನ್ನೇ ಆರಿಸಿಕೊಂಡಳು. ಇಮ್ರಾನನ ಪೆಟ್ಟಿಗೆಯಲ್ಲಿ ಎರಡು ಸ್ಪೀಕರು. ಎಡದ್ದರ ಕಾಗದ ಹರಿದು ಜಿರ್ರೆನ್ನುತ್ತಿತ್ತು. ಬಲದ್ದೇ ಸರಿ ಎಂದೂ ಅವಳೇ ಹೇಳಿದಳು.

ನಾನು ಮಾಡಿದ್ದು ಎರಡು. ಒಂದು, ಆ ಪೆಟ್ಟಿಗೆ ಬರಿಯ ನೆಲದ ಮೇಲೆ ಕೂತಿದ್ದು ನನಗೆ ಸರಿಕಾಣಲಿಲ್ಲ. ಒಬ್ಬನ ವಿದ್ಯೆ ಅದರಿಂದ ಹೊರಡುತ್ತದೆ, ಕಾಲು ಸೋಕುವ ಕಡೆ ಇಡಬಾರದು ಎಂದು ಎರಡು ಊಟದ ಮಣೆ ಒಂದರ ಮೇಲೊಂದು ಹಾಕಿ ಅದರ ಮೇಲೆ ಕೂರಿಸಿದೆ. ಮಣೆ ಹಾಕಿದ ಮೇಲೆ ಗುಂ ಎನ್ನುವುದು ಕಡಿಮೆಯಾಯಿತು. ನೆಲ ಅದುರುತ್ತಿದ್ದದ್ದು ನಿಂತಿತು ಎಂದು ಸವಿತಾ ಆಮೇಲೆ ತಿಳಿಸಿ ಹೇಳಿದಳು. ನಾನು ಮರ್ಯಾದೆಗೆ ಮಾಡಿದ್ದು ಕೆಲಸಕ್ಕೆ ಬಂತು.

ಇನ್ನೊಂದು ದಾರ. ಇಮ್ರಾನನಿಗೆ ಆರ್ಕೆಸ್ಟ್ರಾದ ಕರೆ ಬಂದ ದಿನವೆಲ್ಲ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಮರಳಿ ತಂದಾಗ ಮೈಕ್ ಮತ್ತೆ ಅದೇ ಜಾಗಕ್ಕೆ ಬರಬೇಕು. ಫೋಟೊ ತೆಗೆಯಬಾರದಿತ್ತೇ ಎಂದು ನೀವು ಕೇಳುತ್ತೀರಿ. ತೆಗೆದಿದ್ದೆವು. ಫೋಟೊದಲ್ಲಿ ಒಂದು ಬೆರಳಿನ ಅಂತರ ಕಾಣುವುದಿಲ್ಲ. ಅಳತೆಪಟ್ಟಿಯನ್ನು ನೀನು, ಸಿಂಚನ, ಎಲ್ಲಿ ಬಿಸಾಡಿದ್ದೆಯೋ ದೇವರೇ ಬಲ್ಲ. ಹೂವಿನ ದಾರದ ಉಂಡೆ ತಂದೆ. ಪೆಟ್ಟಿಗೆಯ ಎಡ ಮೇಲ್ಮೂಲೆಯಿಂದ ಜಾಗಕ್ಕೆ ಒಂದು ದಾರ. ಬಲ ಮೇಲ್ಮೂಲೆಯಿಂದ ಅದೇ ಜಾಗಕ್ಕೆ ಇನ್ನೊಂದು. ಎರಡರ ತುದಿಯೂ ಬಟ್ಟೆಯ ಮೇಲೆ ಸೇರಿದ ಕಡೆಯೇ ಜಾಗ. ಬಟ್ಟೆಯಿಂದ ಮೈಕಿನ ಮೂತಿಗೆ ಮೂರನೆಯದು. ಮೊದಲನೆಯ ಹಾಡಿನ ದಾರಗಳಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ. ಮೂರು ಮೂರು ದಾರದ ಐದು ಕಂತೆ ಮೊಳೆಗೆ ನೇತು ಹಾಕಿದೆ.

ಇಮ್ರಾನ್ ಪೆಟ್ಟಿಗೆ ತಂದಿಟ್ಟರೆ ದಾರ ಹಿಡಿದು ಮೈಕ್ ಇಟ್ಟು ಒಲೆಗೆ ಹೋಗಿ ಅನ್ನಕ್ಕಿಡುವಷ್ಟರಲ್ಲಿ ನಿನ್ನೆಯ ದನಿಯೇ ಬರುತ್ತಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಹತ್ತಿಯ ಮೂಲಕವೂ ನನಗೆ ತಿಳಿಯತೊಡಗಿತು. ಒಂದು ದಿನ ಸವಿತಾ ಕಿಟಕಿಯಲ್ಲಿ ನಿಂತೇ ಬಿಟ್ಟಳು.

“ಅತ್ತೆ, ನಾನು ಕೈ ಎತ್ತೋಕ್ ಮೊದ್ಲೇ ಸರಿಸ್ಬುಟ್ರಲ್ಲ!”

“ಬಾಯಲ್ಲಿ ಹಲ್ಲಿಲ್ದೋರ್ ಥರ ಕೇಳ್ತಿತ್ತು ಕಣಮ್ಮ. ಅದಕ್ಕೇ ಒಂಚೂರು ಮಧ್ಯಕ್ಕೆ ತಂದೆ.”

“ಇಮ್ರಾನ್, ಕೇಳ್ಸ್ಕೊಂಡ್ಯಾ? ನನ್ನ ಕೆಲ್ಸ ಹೋಯ್ತು ಕಣೋ ಇವತ್ತಿಂದ!”

ಇದನ್ನೆಲ್ಲ ಜಂಬಕ್ಕೆ ಬರೆಯುತ್ತಿಲ್ಲ. ಹೂ ಕಟ್ಟುತ್ತಿದ್ದ ಕೈ ಅಲ್ಲ ಅದು ಎಂದು ತಿಳಿಯಲಿ ಅಂತ ಬರೆದೆ.

ಗಣೇಶನ ಹಬ್ಬ ಕಳೆದ ಮೇಲೆ ಆತ ಬಂದ. ಸುದರ್ಶನ್ ಎಂದು ಹೆಸರು. ಬೆಂಗಳೂರಿನ ಯಾವುದೋ ಕಂಪನಿ ಈ ಐದು ಹಾಡು ಹೊರತರಲು ಒಪ್ಪಿತ್ತು. ಎಲ್ಲ ಸರಿಯಾಗಿದೆಯೇ ಎಂದು ನೋಡಲು ಅವರು ಕಳಿಸಿದ್ದು ಆತನನ್ನು. ನಿಮ್ಮ ಅಮ್ಮ ಹಿಂದಿನ ದಿನವೇ ಕೋಣೆ ಸಾರಿಸಿದ್ದಳು. ಈ ಹಾಡುಗಳ ಮೇಲೆ ‘ಧ್ವನಿಮುದ್ರಣ: ಸವಿತಾ’ ಎಂದು ಬಂದರೆ ತುಮಕೂರಿನ, ತಿಪಟೂರಿನ ಬ್ಯಾಂಡುಗಳು ಹುಡುಕಿಕೊಂಡು ಬರುತ್ತವೆ, ಯಾರ ಹತ್ತಿರವೂ ಕೆಲಸ ಕೇಳಬೇಕಿಲ್ಲ ಎಂದು ಅವಳ ಲೆಕ್ಕಾಚಾರ. ಅವಳಿಗೆ ಬೇಕಾಗಿದ್ದು ಆ ಒಂದು ಸಾಲು.

ಆತ ಬಾಗಿಲಲ್ಲೇ ನಿಂತು ನಕ್ಕ. “ಏನ್ರೀ ಇದು, ಆಂಪ್‌ನ ಹಸೆಮಣೆ ಮೇಲೆ ಕೂರಿಸಿದೀರಾ? ಮದುಮಗಳೆಲ್ಲಿ?”

ನಾವೂ ನಕ್ಕೆವು. ಮನೆಗೆ ಬಂದವರು ನಕ್ಕರೆ ನಗಬೇಕಲ್ಲ. ಆತ ಮಣೆ ತೆಗೆಸಿದ. ದಾರದ ಕಂತೆಗಳನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ ಬಿಟ್ಟ. ತಾನು ತಂದ ಎರಡು ಮೈಕನ್ನು ಮಿರಮಿರನೆ ಹೊಳೆಯುವ ಡಬ್ಬಿಯಿಂದ ತೆಗೆದು, ಒಂದನ್ನು ಬಟ್ಟೆಯ ಹತ್ತಿರ, ಇನ್ನೊಂದನ್ನು ಒಂದು ಮೊಳ ದೂರದಲ್ಲಿ ಕಣ್ಣಂದಾಜಿನಲ್ಲಿ ಇಟ್ಟ. ಇಮ್ರಾನ್ ಬಾರಿಸಿದ. ತಿರುಗಿ ಹಾಕಿ ಕೇಳಿದರೆ ಖಾಲಿ ಡಬ್ಬದೊಳಗಿಂದ ಕೂಗಿದ ಹಾಗಿತ್ತು. ದನಿಯ ಮೈಯೇ ಇಲ್ಲ.

ಸವಿತಾ ಮೆಲ್ಲಗೆ ಹೇಳಿದಳು: “ಸರ್, ಸದ್ದು ಎರಡು ಮೈಕಿಗೂ ಒಂದೇ ಟೈಮಿಗೆ ತಲುಪ್ತಿಲ್ಲ. ಒಂದನ್ನೊಂದು ತಿಂದಾಕ್ತಿವೆ. ದೂರದ್ದನ್ನ ತೆಗೆದು ನೋಡೋಣ್ವಾ?”

“ಮೇಡಂ, ಇದು ಯಾವ ಮೈಕ್ ಅಂತ ಗೊತ್ತಾ ನಿಮಗೆ?” ಎಂದ ಆತ. ಆಮೇಲೆ, “ನೀವು ಸ್ವಲ್ಪ ಕಾಫಿ ನೋಡ್ತೀರಾ? ಸಕ್ಕರೆ ಕಮ್ಮಿ.”

ತಾನೇ ಕಟ್ಟಿದ ಕೋಣೆಯಿಂದ ಅವಳನ್ನು ಕಾಫಿಗೆ ಕಳಿಸಿದ! ಅವಳು ಹೋದಳು.

ಇಮ್ರಾನ್ ಸುಮ್ಮನಿರಲಿಲ್ಲ. “ಸಾರ್, ಸವಿತಕ್ಕ ಹೇಳಿದ್ದೇ ಕರೆಕ್ಟು. ನನ್ನ ಗಿಟಾರ್ ನಂಗೇ ಗುರ್ತು ಸಿಗ್ತಿಲ್ಲ” ಎಂದ. ಆತ ಕೇಳಿಸಿಕೊಳ್ಳಲಿಲ್ಲ. ಮೈಕುಗಳನ್ನು ಆ ಕಡೆ ಈ ಕಡೆ ಸರಿಸುತ್ತ ಮಧ್ಯಾಹ್ನ ಮಾಡಿದ. ನಮ್ಮ ಮನೆಯ ಮುದ್ದೆ, ಉಪ್ಸಾರು ಎರಡು ಸಲ ಹಾಕಿಸಿಕೊಂಡು ಉಂಡು, ಫೋನಿನಲ್ಲಿ ಮಾತಾಡಲು ಜಗಲಿಗೆ ಹೋದ.

ಅಷ್ಟರಲ್ಲಿ ಇಮ್ರಾನ್ ಪೆಟ್ಟಿಗೆ ಎತ್ತಿ ಹಿಡಿದ, ಸವಿತಾ ಮಣೆ ತಳ್ಳಿದಳು, ನಾನು ಮೂರನೆಯ ಹಾಡಿನ ಕಂತೆ ಬಿಚ್ಚಿ ದಪ್ಪತಲೆಯನ್ನು ಜಾಗಕ್ಕೆ ಇಟ್ಟೆ. ಆತ ಒಳಗೆ ಬರುವಾಗ ಹಾಡು ಸ್ಪೀಕರಿನಲ್ಲಿ ಬರುತ್ತಿತ್ತು. ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದ. “ಓಕೆ. ಇದು ವರ್ಕ್ ಆಗ್ತಿದೆ” ಎಂದ. ಯಾರು ಮಾಡಿದ್ದು ಎಂದು ಕೇಳಲಿಲ್ಲ.

ಆಮೇಲೆ ನಾಲ್ಕು ದಿನ ಐದು ಹಾಡನ್ನೂ ಹಾಗೆಯೇ ಮುಗಿಸಿದೆವು. ಆತ ಜಗಲಿಯಲ್ಲಿ ಫೋನು ಹಿಡಿದು ಕೂತೇ ಇದ್ದ. ಕೊನೆಯ ದಿನ ಮಾತ್ರ ನನ್ನ ಪಕ್ಕ ಬಂದು ಮಂಡಿಯೂರಿ ಕೂತು, “ಅಮ್ಮಾ, ಈ ದಾರದ ವಿಷಯ ಸ್ವಲ್ಪ ಹೇಳಿ” ಎಂದ.

ನನ್ನ ಮೇಲೆಯೇ ನನಗೆ ಕೋಪ ಬರುವುದು ಇಲ್ಲಿ. ನನ್ನನ್ನು ಅಷ್ಟು ಮರ್ಯಾದೆಯಿಂದ ಯಾರೂ ಏನನ್ನೂ ಕೇಳಿರಲಿಲ್ಲ. ಜನರ ಮುಂದೆ ಬಾಯಿ ಬಿಡದವಳು ಒಂದು ಗಂಟೆ ಮಾತಾಡಿದೆ. ಎಲ್ಲಿ ಕಟ್ಟಬೇಕು, ಗಂಟು ಯಾಕೆ, ಬೆರಳು ಹೇಗೆ ಅಳೆಯಬೇಕು, ಎಲ್ಲ. “ನೆನಪಿಗೆ ಒಂದು ದಾರ ಕೊಡ್ತೀರಾ?” ಎಂದ. ಮೂರನೆಯ ಹಾಡಿನ ಕಂತೆಯಿಂದ ಎಡದ ಮೂಲೆಯ ದಾರ ಬಿಚ್ಚಿ ಕೊಟ್ಟೆ.

“ಕೊಟ್ಬುಟ್ರಾ ಅತ್ತೆ?” ಎಂದಳು ಸವಿತಾ.

“ಕೇಳಿದ್ರಲ್ಲಮ್ಮ. ಮನೆಗೆ ಬಂದೋರು.”

ಆತ ಕಾರು ಹತ್ತುವಾಗ ಸವಿತಾ ಕಿಟಕಿಯ ಹತ್ತಿರ ಹೋದಳು. ಯಾರ ಹತ್ತಿರವೂ ಏನೂ ಕೇಳದವಳು ಅವತ್ತು ಕೇಳಿದಳು: “ಸರ್, ಹೆಸರು ಹಾಕುವಾಗ... ಸವಿತಾ ನಾಗರಾಜ್ ಅಂತ. ರೆಕಾರ್ಡಿಂಗ್ ಅಂತ ಹಾಕಿ.”

“ಶೂರ್, ಶೂರ್. ಅದನ್ನ ನೀವು ಹೇಳ್ಬೇಕಾ?” ಎಂದ ಆತ.

ಕಾರ್ತಿಕದಲ್ಲಿ ತುಮಕೂರಿನ ಒಂದು ಸಭಾಂಗಣದಲ್ಲಿ ಹಾಡುಗಳ ಬಿಡುಗಡೆ. ನಿಮ್ಮ ಅಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು. ಅಪ್ಪ ಪಾಳಿ ಬದಲಾಯಿಸಿಕೊಂಡು ಬಂದಿದ್ದ. ದೀಪ ಆರಿಸಿ ಪರದೆಯ ಮೇಲೆ ಹೆಸರು ಬಿಟ್ಟರು. ‘ಧ್ವನಿಮುದ್ರಣ ಮತ್ತು ಮಿಶ್ರಣ: ಸುದರ್ಶನ್.’ ಸವಿತಾ ಮುಂದೆ ಬಾಗಿ ನೋಡುತ್ತಲೇ ಇದ್ದಳು. ಕೊನೆಯಲ್ಲಿ, ಹೂವಿನವರು, ಬಾಡಿಗೆ ವ್ಯಾನಿನವರು ಎಲ್ಲ ಆದ ಮೇಲೆ, ‘ಊಟ ಮತ್ತು ಆತಿಥ್ಯ: ಶ್ರೀಮತಿ ಸವಿತಾ ಮತ್ತು ಕುಟುಂಬ, ಗುಬ್ಬಿ’ ಎಂದು ಬಂತು.

ಊಟ ಮತ್ತು ಆತಿಥ್ಯ.

ಮಕ್ಕಳೇ, ಊಟ ಹಾಕಿದ್ದು ಸಣ್ಣ ಕೆಲಸ ಎಂದು ನಾನು ಹೇಳುತ್ತಿಲ್ಲ. ಜೀವಮಾನವೆಲ್ಲ ಅದನ್ನೇ ಮಾಡಿದವಳು ನಾನು. ಆದರೆ ಕಿವಿಯಿಂದ ಮಾಡಿದ ಕೆಲಸವನ್ನು ಕಿತ್ತುಕೊಂಡು, ಸೌಟು ಕೈಗೆ ಕೊಟ್ಟು ಕಳಿಸಿದರೆ ಅದು ಮೋಸವಲ್ಲದೆ ಮತ್ತೇನು? ಬಿಟ್ಟುಹೋಗಿದ್ದರೆ ಮರೆತರು ಎನ್ನಬಹುದಿತ್ತು. ಅವಳ ಹೆಸರು ನೆನಪಿತ್ತು. ಊರೂ ನೆನಪಿತ್ತು. ಎಲ್ಲ ನೆನಪಿಟ್ಟುಕೊಂಡೇ ಅಡುಗೆಮನೆಯಲ್ಲಿ ಕೂರಿಸಿದರು.

ಇಮ್ರಾನನಿಗೂ ಅದು ಆಗಲೇ ಗೊತ್ತಾದದ್ದು. ಬಾರಿಸಲು ವೇದಿಕೆ ಹತ್ತಿದವನು ಮೊದಲು ಮೈಕ್ ಹಿಡಿದ. “ಒಂದ್ ಮಾತು. ಈ ಗಿಟಾರ್ ರೆಕಾರ್ಡ್ ಆಗಿದ್ದು ಗುಬ್ಬೀಲಿ. ಮಾಡಿದ್ದು ಸವಿತಕ್ಕ...” ಎನ್ನುವಷ್ಟರಲ್ಲಿ ನಿರೂಪಣೆಯ ಹೆಂಗಸು, “ಎಷ್ಟು ವಿನಯ ನೋಡಿ! ಜೋರಾಗಿ ಚಪ್ಪಾಳೆ!” ಎಂದು ಜನರನ್ನು ಎಬ್ಬಿಸಿದಳು. ಚಪ್ಪಾಳೆಯಲ್ಲಿ ಅವನ ಮಾತು ಮುಳುಗಿತು. ಅವನು ಮತ್ತೆ ಬಾಯಿ ತೆರೆದ. ಅಷ್ಟರಲ್ಲಿ ಡ್ರಮ್ಮು ಶುರುವಾಗಿತ್ತು.

ಹೊರಗೆ ಕಾಫಿ ಕೊಡುವ ಕಡೆ ಆತ ನನ್ನನ್ನು ನೋಡಿ ಕೈಮುಗಿದ. “ಅಮ್ಮಾ, ಅವತ್ತಿನ ಉಪ್ಸಾರು ಇನ್ನೂ ನಾಲಿಗೇಲಿದೆ!”

ಸವಿತಾ ನನ್ನ ಪಕ್ಕದಲ್ಲಿದ್ದಳು. ಹೇಳಬೇಕಾದ್ದೆಲ್ಲ ಅಲ್ಲೇ ಹೇಳಬಹುದಿತ್ತು. ನಾನು ಏನೆಂದೆ ಗೊತ್ತೇ? “ಇನ್ನೊಂದ್ಸಲ ಬನ್ನಿ” ಎಂದೆ. ಊಟ ಚೆನ್ನಾಗಿತ್ತು ಎಂದವರಿಗೆ ಅದನ್ನೇ ಹೇಳಿ ಹೇಳಿ ಅಭ್ಯಾಸವಾದ ಬಾಯಿ. ಮನೆ ಕೊಳ್ಳೆ ಹೊಡೆದವನನ್ನು ಮತ್ತೆ ಊಟಕ್ಕೆ ಕರೆದು ಬಂದೆ. ಆ ಮಾತನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ. ಸವಿತಾ ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ಚೆನ್ನಾಗಿತ್ತು.

ಹಾಡು ಹೆಸರು ಮಾಡಿತು. ಆ ಗಿಟಾರಿನ ದನಿ ಬೇಕೆಂದು ಬ್ಯಾಂಡುಗಳು ಹುಡುಕಿಕೊಂಡು ಹೋದವು, ಆತನ ಹತ್ತಿರಕ್ಕೆ. ಗುಬ್ಬಿಗೆ ಯಾರೂ ಬರಲಿಲ್ಲ. ಸವಿತಾ ಇಬ್ಬರು ಮೂವರಿಗೆ ಫೋನು ಮಾಡಿ, ಅದನ್ನು ರೆಕಾರ್ಡ್ ಮಾಡಿದ್ದು ನಾನೇ ಎಂದಳು. ಪರದೆಯ ಮೇಲೆ ಬೇರೆ ಇದೆಯಲ್ಲ ಮೇಡಂ ಎಂದರು ಅವರು. ಮುಂದಿನ ಬೇಸಿಗೆಯಲ್ಲಿ ಶಾಲೆಯ ಆಫೀಸಿನ ಕೆಲಸ ಸಿಕ್ಕಿತು. ಮೈಕುಗಳನ್ನು ಇಮ್ರಾನನಿಗೆ ಕೊಟ್ಟು, ಕಾಯಿಕೋಣೆಯ ತುಂಬ ಮತ್ತೆ ಕಾಯಿ ಹಾಕಿಸಿದಳು. ನಿಮಗೆ ಒಂದು ಮಾತೂ ಹೇಳದೆ ಬೆಳೆಸಿದಳು.

ಈಗ ನೀವು ತೋರಿಸಿದ ವಿಡಿಯೊ. ಇಷ್ಟು ದಿನ ಆತ ಅವಳ ಹೆಸರನ್ನು ತೆಗೆದುಕೊಂಡಿದ್ದ. ಈಗ ನನ್ನನ್ನೂ ಒಂದು ಚಂದದ ಕಥೆ ಮಾಡಿ ಮಾರುತ್ತಿದ್ದಾನೆ. ಹೂ ಕಟ್ಟುವ ಅಜ್ಜಿ! ಏನೂ ತಿಳಿಯದೆ ಕೂತಿದ್ದವಳು, ಆತನಿಗೆ ಹೊಳೆಸಿದವಳು!

ಆದರೆ ಆ ವಿಡಿಯೊವನ್ನು ಮೊನ್ನೆ ಸಿಂಚನಳ ಹತ್ತಿರ ಇನ್ನೊಮ್ಮೆ ಹಾಕಿಸಿಕೊಂಡು ನೋಡಿದೆ. ಆತ ನಾನು ಕೊಟ್ಟ ಅದೊಂದೇ ದಾರವನ್ನು ಪೆಟ್ಟಿಗೆಯ ಮೇಲಂಚಿನ ನಡುವಿನಿಂದ ಇಳಿಬಿಡುತ್ತಾನೆ. ಅದು ಎಡದ ಮೂಲೆಯಿಂದ ಅಡ್ಡಕ್ಕೆ ಬಲದ ಸ್ಪೀಕರಿಗೆ ಹೋಗುವ ದಾರ, ಒಂದು ಮೊಳದ ಮೇಲೆ ಉದ್ದ. ನಡುವಿನಿಂದ ಇಳಿಬಿಟ್ಟರೆ ಪೆಟ್ಟಿಗೆ ದಾಟಿ ನೆಲಕ್ಕೆ ಬರುತ್ತದೆ. ಅದಕ್ಕೇ ಮಿಕ್ಕಿದ್ದನ್ನು ಬೆರಳಿಗೆ ಸುತ್ತಿಕೊಂಡು ಮೋಟು ಮಾಡಿಕೊಳ್ಳುತ್ತಾನೆ. ಒಂದು ಗಂಟೆ ಹೇಳಿಕೊಟ್ಟರೂ ಆತ ಕೇಳಿಸಿಕೊಂಡಿರಲಿಲ್ಲ.

ಇದನ್ನು ಬರೆಯುತ್ತ ಐದೂ ಹಾಡಿನ ಅಳತೆ ಬರೆಯಬೇಕು ಅನ್ನಿಸಿತು. ಬರೀ ಬೈದರೆ ನನ್ನ ಮಾತನ್ನು ಯಾರು ನಂಬುತ್ತಾರೆ? ಅಳತೆ ಇದ್ದರೆ ಯಾರು ಬೇಕಾದರೂ ಇಮ್ರಾನನ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟು ಕೇಳಿ ನೋಡಬಹುದು. ದಾರಗಳನ್ನು ಇಲಿ ತಿಂದು ವರ್ಷಗಳಾದವು. ನಾಲ್ಕು ಹಾಡಿನದು ನೆನಪಿತ್ತು. ಎರಡನೆಯದು ಏನು ಮಾಡಿದರೂ ಬರಲಿಲ್ಲ. ನಿಮ್ಮ ಅಮ್ಮ ಚಟ್ನಿಗೆ ಕಾಯಿ ತುರಿಯುತ್ತಿದ್ದಳು.

“ಸವಿತಾ, ಇಮ್ರಾನಂದು ಎರಡ್ನೇ ಹಾಡಿಗೆ ಎಷ್ಟಿತ್ತಮ್ಮ ಮೈಕು?”

ಅವಳು ತಿರುಗಿ ನೋಡಲಿಲ್ಲ. “ಅದೆಲ್ಲ ಯಾರಿಗೆ ಗ್ಯಾಪ್ಕ ಇರ್ತದೆ, ಬುಡಿ ಅತ್ತೆ.”

ಮಿಕ್ಸಿ ಹಾಕಿದಳು. ನಿಂತಿತು. ಮುಚ್ಚಳ ತೆಗೆಯುತ್ತ, ಜಾರಿನೊಳಗೆ ನೋಡುತ್ತಲೇ ಹೇಳಿದಳು: “ಎಡದ ಮೂಲೆಯಿಂದ ಒಂದು ಮೊಳ ಆರು ಬೆರಳು. ಬಲದಿಂದ ಒಂದು ಗೇಣು ಐದು ಬೆರಳು. ಬಟ್ಟೆಯಿಂದ ಎರಡು. ಮೂತಿ ಒಂಚೂರು ಹೊರಗಡೆಗೆ ಓರೆ.”

ಬರೆದುಕೊಂಡೆ. ನಿನ್ನೆ ಮಧ್ಯಾಹ್ನ ಈ ನೋಟ್‌ಬುಕ್ಕನ್ನು ಊಟದ ಮೇಜಿನ ಮೇಲೆ ಬಿಟ್ಟು ಬೇಕೆಂದೇ ಹಿತ್ತಲಿಗೆ ಹೋದೆ. ಬಂದು ನೋಡಿದರೆ ತೆರೆದೇ ಇತ್ತು. ನಾನು ಬೈದದ್ದರಲ್ಲಿ ಒಂದಕ್ಷರವನ್ನೂ ಅವಳು ಮುಟ್ಟಿರಲಿಲ್ಲ. ಕೊನೆಯ ಪುಟದಲ್ಲಿ ನಾಲ್ಕನೆಯ ಹಾಡಿಗೆ ಬಟ್ಟೆಯಿಂದ ಮೂರು ಬೆರಳು ಎಂದು ನಾನು ಬರೆದದ್ದನ್ನು ಮಾತ್ರ ನೀಲಿ ಪೆನ್ನಿನಲ್ಲಿ ಹೊಡೆದು, ‘ಮೂರೂವರೆ’ ಎಂದು ತಿದ್ದಿದ್ದಳು. ಆ ಪುಟದ ಮೇಲ್ಗಡೆ ನಾನು ದೊಡ್ಡ ಅಕ್ಷರದಲ್ಲಿ ಬರೆದಿದ್ದೆ: ‘ಧ್ವನಿಮುದ್ರಣ: ಸವಿತಾ. ಮೈಕ್ ಹಿಡಿದದ್ದು: ಪುಟ್ಟಗೌರಮ್ಮ. ಗಿಟಾರ್: ಇಮ್ರಾನ್. ಸ್ಥಳ: ಗುಬ್ಬಿ.’ ಅದನ್ನು ಅವಳು ಹೊಡೆದಿಲ್ಲ.

ಈ ಹಾಳೆಗಳನ್ನು ನಿಮ್ಮ ಅಂಕಪಟ್ಟಿ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ. ಫೋಟೊ ತೆಗೆದುಕೊಂಡಿದ್ದೇವೆ, ಫೋನಿನಲ್ಲಿದೆ ಎಂದು ಕಾಗದ ಬಿಸಾಡಬೇಡಿ. ಯಾರಾದರೂ ಕೇಳಿದರೆ ತೋರಿಸಿ, ಕೈಗೆ ಕೊಡಬೇಡಿ. ನೆನಪಿಗೆ ಒಂದು ಹಾಳೆ ಎಂದು ಎಷ್ಟೇ ಮರ್ಯಾದೆಯಿಂದ ಕೇಳಿದರೂ ಕೊಡಬೇಡಿ. ಕೊನೆಯ ಪುಟವನ್ನಂತೂ ಜೋಪಾನವಾಗಿಡಿ. ಅದರಲ್ಲಿ ಎರಡು ಕೈಬರಹ ಇದೆ. ನೀಲಿ ಶಾಯಿಯದು ನಿಮ್ಮ ಅಮ್ಮನದು.